ಚಿಸಾತೊಳ ದೋಣಿ ಚೀಟಿ

ಕಿನುಯೊ ಅಕ್ಕಾ,

ಬೆಳಿಗ್ಗೆಯೇ ಕಥೆಯ ಪಾರ್ಕಿಗೆ ಬಂದೆ. ಹೆಬ್ಬಾಗಿಲಲ್ಲಿ ನರಿ ಅಂಬಿಗನ ದೊಡ್ಡ ಬೊಂಬೆ ಇದೆ. ನಾವು ಓದಿದ ಆ ಕಥೆಯ ಅನುವಾದದಲ್ಲಿ ಅವನು ಎಡಚ. ಇಲ್ಲಿ ಹುಟ್ಟನ್ನು ಬಲಗೈಗೆ ಕೊಟ್ಟಿದ್ದಾರೆ. ನಿನ್ನ ಮಗಳು ಚಿಸಾತೊ ಇದ್ದಿದ್ದರೆ ಜಗಳ ತೆಗೆಯುತ್ತಿದ್ದಳು.

ಹೋದ ವರ್ಷ ಎತ್ತರ ಸಾಲದೆಂದು ಅವಳನ್ನು ದೋಣಿ ಹತ್ತಿಸದೆ, ಬೆಳೆದು ಬಂದಾಗ ಸಾಲಿನಲ್ಲಿ ನಿಲ್ಲಬೇಕಿಲ್ಲವೆಂದು ಚೀಟಿ ಕೊಟ್ಟಿದ್ದರಲ್ಲ. ಅವಳ ಬದಲು ನಾನು ಹತ್ತಲೆಂದು ನೀನು ಕಳಿಸಿದ್ದ ಆ ಚೀಟಿಯನ್ನು ತೋರಿಸಿದೆ. ಅಳತೆಗೋಲು ಹಿಡಿದ ಮುದುಕ ನನ್ನ ಬೆನ್ನ ಹಿಂದೆ ಬಗ್ಗಿ ಹುಡುಕಿದ.

"ಎಲ್ಲಮ್ಮಾ ನಮ್ಮ ಪುಟಾಣಿ? ನಾಚ್ಕೊಂಡು ಬಚ್ಚಿಟ್ಕೊಂಡ್ಲಾ?"

ತೀರಿಕೊಂಡಳೆಂದು ಹೇಳಲು ಬಾಯಿ ಬರಲಿಲ್ಲ. "ಇನ್ನೂ ಅಷ್ಟು ಎತ್ತರ ಆಗಿಲ್ಲ," ಎಂದೆ.

"ಅದಕ್ಯಾಕೆ ಇಷ್ಟು ಸಪ್ಪೆ ಮುಖ? ಇದಕ್ಕೆ ಕೊನೇ ದಿನ ಅಂತ ಏನೂ ಇಲ್ಲ. ಜೋಪಾನವಾಗಿ ಇಟ್ಕೊಳ್ಳಿ," ಎಂದು ಚೀಟಿಯನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟು ತಲೆಬಾಗಿದ.

ನಾನು ದೋಣಿ ಹತ್ತಲಿಲ್ಲ, ಕ್ಷಮಿಸು. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆ ಮಾತ್ರೆ ಒಂದಕ್ಕಿಂತ ಹೆಚ್ಚು ಬೇಡ. ಬಸ್ಸು ಬಂತು. ಭಾನುವಾರ ಬಂದು ಚೀಟಿಯನ್ನು ಅವಳ ಫೋಟೊದ ಮುಂದೆ ಇಡುತ್ತೇನೆ, ಹತ್ತಲು ನೂರಹತ್ತು ಸೆಂಟಿಮೀಟರ್ ಎತ್ತರ ಇರಬೇಕು ಎಂದು ಬರೆದ ಬದಿಯನ್ನು ಕೆಳಗೆ ಮಾಡಿ.

ತಂಗಿ ಫುಮಿ