ಅಪ್ಪನ ತಟ್ಟೆಯ ಎದುರು

ಮನೆಯಿಂದ,
ಶನಿವಾರ, ಮಾರ್ಚ್ 9

ಪ್ರೀತಿಯ ತಮ್ಮಯ್ಯಾ,

ನಿನ್ನ ಸೊಂಟನೋವು ಹೇಗಿದೆ? ಹೆಂಡತಿಯ ಮಾತು ಕೇಳಿ ಡಾಕ್ಟರ ಹತ್ತಿರ ಹೋದೆಯಾ, ಇಲ್ಲ ಇನ್ನೂ ಮುಲಾಮಿನಲ್ಲೇ ಕಾಲ ತಳ್ಳುತ್ತಿದ್ದೀಯಾ? ನಾನು ಇದ್ದೇನೆ, ಅಷ್ಟೆ. ಸಂಜೆ ಮನೆಗೆ ಬಂದರೆ ಹೆಗಲಿನ ಚೀಲ ಇಳಿಸುವುದಕ್ಕೂ ಬೇಜಾರು.

ಈ ಸಲವೂ ತರಬೇತಿಗೆ ಬಂದ ಮೇಷ್ಟ್ರುಗಳಿಗೆ ಕ್ರಿಯಾ ಸಂಶೋಧನೆ ಹೇಳಿಕೊಡುತ್ತಿದ್ದೇನೆ. ನಿನಗೆ ಗೊತ್ತಲ್ಲ, ನಮ್ಮದೇ ಕೆಲಸದ ಒಂದು ತೊಡಕನ್ನು ಹಿಡಿದು, ಏನಾದರೂ ಬದಲಾಯಿಸಿ, ಏನಾಯಿತೆಂದು ನೋಡಿ, ಮತ್ತೆ ತಿದ್ದುವುದು. ಪ್ರಶ್ನೆಯಲ್ಲಿ 'ನಾನು' ಇರಬೇಕು ಎಂದು ಹೇಳಿ ಹೇಳಿ ಗಂಟಲು ಒಣಗಿದೆ. ಅವರು ಬರೆಯುವುದು ಮಾತ್ರ 'ಮಕ್ಕಳು ಯಾಕೆ ಗಮನ ಕೊಡುವುದಿಲ್ಲ' ಎಂದೇ. ಕುಣಿಯಲಾರದವಳಿಗೆ ನೆಲ ಡೊಂಕು! ಕೊನೆಗೆ ವರದಿಯಲ್ಲಿ ಎಲ್ಲರ ಮಕ್ಕಳೂ ಸುಧಾರಿಸಿಬಿಟ್ಟಿರುತ್ತಾರೆ; ಇವರನ್ನು ನಂಬಿದರೆ ಲೋಕದಲ್ಲಿ ದಡ್ಡರೇ ಉಳಿದಿಲ್ಲ. ಹೋದ ತಿಂಗಳು ಗಣಿತದ ಮೇಷ್ಟ್ರು ಕೇಳಿಯೇಬಿಟ್ಟರು: "ಮೇಡಂ, ನೀವು ಯಾವಾಗಾದ್ರೂ ಮಾಡಿದ್ದೀರಾ, ಇಲ್ಲ ಬರೀ ಹೇಳ್ಕೊಡೋದೇನಾ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮೈಯೆಲ್ಲ ಉರಿಯಿತು.

ಅದಕ್ಕೇ ನಾನೇ ಒಂದು ಮಾಡಿ ನೋಡೋಣವೆಂದು ಅಪ್ಪನ ಊಟವನ್ನು ಹಿಡಿದೆ. ಎರಡು ತುತ್ತಿಗೇ ಅವರು ಕೈ ತೊಳೆಯುವುದನ್ನು, ಅಂಗಿಯೊಳಗೆ ಮೈ ಕರಗುತ್ತಿರುವುದನ್ನು ನಿನಗೆ ಬರೆದಿದ್ದೆ. ಡಾಕ್ಟರು ಕಾಯಿಲೆ ಏನೂ ಇಲ್ಲ ಎಂದಿದ್ದರು. ಮೊದಲು ಊಟದ ಹೊತ್ತು ಬದಲಾಯಿಸಿದೆ. ಆಮೇಲೆ ಕಿಟಕಿಯ ಪಕ್ಕ ಕೂರಿಸಿದೆ, ಉಪ್ಪು ಖಾರ ಹೆಚ್ಚುಕಡಿಮೆ ಮಾಡಿದೆ, ಚಿಕ್ಕ ತಟ್ಟೆ ತಂದೆ. ಪ್ರತಿ ಸಲವೂ ಎದುರಿಗೇ ಕೂತು ನೋಡುತ್ತಿದ್ದೆ. ಊಟ ಇನ್ನೂ ಕಡಿಮೆಯಾಯಿತು. ಹೋದ ವಾರ ತರಗತಿ ರದ್ದಾಗಿ ಬೇಗ ಬಂದರೆ, ಪಕ್ಕದ ಮನೆಯ ದರ್ಜಿ ಹೆಂಗಸು ಯಾರದೋ ಪ್ಯಾಂಟು ಗಿಡ್ಡವಾದ ಕಥೆ ಹೇಳುತ್ತಿದ್ದಾಳೆ, ಅಪ್ಪ ನಗುತ್ತಾ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಾರೆ! ನನ್ನನ್ನು ಕಂಡದ್ದೇ ಅವರ ಕೈ ನಿಂತಿತು. ಅವಳು ಹೋದ ಮೇಲೆ ಕೇಳಿದೆ. "ನೀನು ಒಳ್ಳೇವಳೇ ಕಣಮ್ಮ. ಆದ್ರೆ ನೀನು ಎದುರಿಗೆ ಕೂತ್ರೆ ಪರೀಕ್ಷೆಗೆ ಕೂತ ಹಾಗಾಗುತ್ತೆ, ತುತ್ತು ಇಳಿಯಲ್ಲ" ಅಂದರು. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಮಾರನೆಯ ದಿನ ತರಗತಿಯಲ್ಲಿ ಇದ್ದದ್ದು ಇದ್ದ ಹಾಗೇ ಹೇಳಿದೆ. ಯಾರೂ ನಗಲಿಲ್ಲ. ಗಣಿತದ ಮೇಷ್ಟ್ರು ಮಾತ್ರ ಬಂದು, ತಾವು ಕೊಟ್ಟಿದ್ದ ವರದಿಯನ್ನು ವಾಪಸ್ ಕೇಳಿ ತೆಗೆದುಕೊಂಡು ಹೋದರು.

ಮಕ್ಕಳ ತಲೆ ಸವರಿದೆನೆಂದು ಹೇಳು. ನೀವೆಲ್ಲ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಅಂಚೆಗೆ ಹೊತ್ತಾಯಿತು, ನೇರವಾಗಿಯೇ ಹೇಳುತ್ತೇನೆ. ಅಪ್ಪ ಉಣ್ಣುವಾಗ ಪಕ್ಕದ ಕೋಣೆಯಲ್ಲಿ ಕೂತೂ ನೋಡಿದೆ. ಕಿವಿಗೊಟ್ಟಿದ್ದೇನೆಂದು ಅವರಿಗೆ ತಿಳಿದುಬಿಡುತ್ತದೆ. ದರ್ಜಿಗೆ ದಿನಾ ಬಾ ಎನ್ನಲಾಗದು, ನನಗೆ ನೋಡದೆ ಇರಲಾಗದು. ನೀನು ಬಂದು ಅಪ್ಪನನ್ನು ಕರೆದುಕೊಂಡು ಹೋಗು. ಅಕ್ಕ ಬರೆದಳು ಅನ್ನಬೇಡ, ನಿನಗೇ ಅವರು ಬೇಕೆಂದು ಕರೆ. ಅಲ್ಲಿ ಎಷ್ಟು ಉಂಡರೆಂದು ನನಗೆ ತಿಳಿಸಬೇಡ, ನಾನೇ ಕೇಳಿದರೂ.