ಕಿಲ್ಟಿಗೆ ಕೈ ಹಾಕಿದ ಮುದುಕ

ಬಾಗಲಗುಂಟೆ, ಬೆಂಗಳೂರು
22 ಜುಲೈ 2025, ಮಂಗಳವಾರ

ರಂಜನಿಯ ಅಪ್ಪನಿಗೆ, ನಿಮ್ಮ ಜ್ಯೋತಿಲಕ್ಷ್ಮಿಯ ನಮಸ್ಕಾರಗಳು.

ಅಲ್ಲಿ ಚಳಿ ಹೇಗಿದೆ? ಮಂಡಿನೋವು ಹೆಚ್ಚಾಗಿಲ್ಲ ತಾನೆ? ಮಂಡಿ ಮುಚ್ಚದ ಬಟ್ಟೆ ತೊಟ್ಟು ಗಾಳಿಗೆ ನಿಲ್ಲುವವರನ್ನು ಮೊದಲು ಇದನ್ನೇ ಕೇಳಬೇಕು. ಪೆಟ್ಟಿಗೆಯ ಮೂಲೆಯಲ್ಲಿ ಎಳ್ಳೆಣ್ಣೆ ಇಟ್ಟಿದ್ದೆ, ಹಚ್ಚಿಕೊಳ್ಳುತ್ತಿದ್ದೀರಾ? ಅಲ್ಲಿಯ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಆ ಕಿಲ್ಟಿನ ಮುಂದಿನ ನೆರಿಗೆ ಕೆಡದ ಹಾಗೆ ಹಾಸಿಗೆಯ ಕೆಳಗೆ ಮಡಿಸಿಡಿ ಎಂದೂ ಹೇಳಿದ್ದೆ. ಇಲ್ಲಿ ನಾವೆಲ್ಲ ಆರೋಗ್ಯ. ಅತ್ತೆ ಬಿಪಿ ಮಾತ್ರೆ ತಪ್ಪಿಸಿಲ್ಲ. ಡ್ರಮ್ಮಿನ ಹಬೀಬುಲ್ಲಾ ಅವರ ವೀಸಾ ಕೊನೆಗೂ ನಿನ್ನೆ ಬಂತು. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಫೋನು ಸ್ಪೀಕರ್ ಹಾಕದೆ ಕೇಳಿಸುವುದಿಲ್ಲ, ಬ್ಯಾಂಡಿನವರೆಲ್ಲ ಒಂದೇ ಕೋಣೆಯಲ್ಲಿದ್ದೀರಿ. ನನ್ನ ಭಯವನ್ನು ಅಷ್ಟು ಜನ ಕೇಳುವುದು ಬೇಡ.

ಈಗ ಸುದ್ದಿ. ನೀವಿರುವ ಒಂದು ವಿಡಿಯೋ ಭಾನುವಾರದಿಂದ ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. ನನಗೆ ತೋರಿಸಿದ್ದು ರಂಜನಿ, ಅವಳಿಗೆ ಕಳಿಸಿದ್ದು ಕಾಲೇಜಿನ ಗೆಳತಿ, ಆ ಗೆಳತಿಗೆ ಕಳಿಸಿದವರು ಯಾರೋ ಗೊತ್ತಿಲ್ಲ. ಯಾರೋ ತೆಗೆದು, ಯಾರೋ ಕತ್ತರಿಸಿ ಹಾಕಿರುವುದು ಎಂಬುದಷ್ಟೇ ಖಚಿತ. ರೈಲು ನಿಲ್ದಾಣದ ಮುಂದಿನ ಚೌಕದಲ್ಲಿ ನಿಮ್ಮ ಬ್ಯಾಂಡ್ ಮಾಸ್ಟರ್ ಗುಲಾಮ್ ರಸೂಲ್ ಅವರು ಮುಂದೆ, ನೀವು ಅವರ ಎಡಕ್ಕೆ, ಉಳಿದವರು ಹಿಂದೆ ನಿಂತು ಬ್ಯಾಗ್‌ಪೈಪ್ ನುಡಿಸುತ್ತಿದ್ದೀರಿ. ಸುತ್ತ ಜನ. ಟೋಪಿ ಹಾಕಿದ ಒಬ್ಬ ಬಿಳಿಯ ಮುದುಕ ಗುಂಪಿನಿಂದ ಹೊರಬಂದು ನೇರ ನಿಮ್ಮ ಎದುರು ಬಗ್ಗುತ್ತಾನೆ. ಎರಡೂ ಕೈ ನಿಮ್ಮ ಸೊಂಟಕ್ಕೆ ಹಾಕಿ ಕಿಲ್ಟನ್ನು ಪಕ್ಕಕ್ಕೆ ಎಳೆಯುತ್ತಾನೆ. ನೀವು ಊದುವುದು ನಿಲ್ಲಿಸಿ, ಒಂದು ಕೈಯಲ್ಲಿ ಕಿಲ್ಟ್ ಹಿಡಿದುಕೊಂಡು ಹಿಂದೆ ಸರಿಯುತ್ತೀರಿ. ಜನ ನಗುತ್ತಾರೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಮುದುಕನ ಮುಖ ಕಾಣುವುದಿಲ್ಲ, ನಿಮ್ಮ ಮುಖ ಕಾಣುತ್ತದೆ. ಆ ಮುಖವನ್ನು ನಾನು ಈ ಮನೆಯಲ್ಲಿ ಯಾವತ್ತೂ ನೋಡಿಲ್ಲ.

ಅದರ ನಂತರ ಏನಾಯಿತು? ಭಾನುವಾರ ಕೇಳಿದೆ, "ಏನೂ ಇಲ್ಲ ಬಿಡು, ಮಳೆ ಬಂತಾ ಅಲ್ಲಿ?" ಎಂದಿರಿ. ನಿನ್ನೆ ಕೇಳಿದೆ, ಅದೇ ಮಳೆ. ಹೊರದೇಶದಲ್ಲಿ ನಮ್ಮವರನ್ನು ಬಣ್ಣ ನೋಡಿ ಹೊಡೆದ ಸುದ್ದಿಗಳನ್ನು ನಾನು ಓದಿಲ್ಲವೇ? ನಮ್ಮಪ್ಪ ಚಿಕ್ಕಬಾಣಾವರ ಸ್ಟೇಷನ್ನಿನ ಹತ್ತಿರ ಪೇಪರ್ ಏಜೆಂಟ್ ಆಗಿದ್ದವರು, ಎಲ್ಲಾ ಪೇಪರು ಓದಿಯೇ ಸ್ಕೂಲಿಗೆ ಹೋಗುತ್ತಿದ್ದವಳು ನಾನು. ಏನೂ ಆಗಿಲ್ಲ ಎಂದು ಸುದ್ದಿ ಬಂದರೆ ಇನ್ನೂ ಎರಡು ಸಾಲು ಓದಬೇಕು ಎಂದು ಗೊತ್ತು.

ವಿಡಿಯೋದ ಕೆಳಗೆ ಬರೆದದ್ದನ್ನು ರಂಜನಿ ಕನ್ನಡ ಮಾಡಿ ಓದಿದಳು. ಬಹಳ ಮಂದಿ ಒಳ್ಳೆಯದನ್ನೇ ಬರೆದಿದ್ದಾರೆ. ಯಾರು ಬೇಕಾದರೂ ಹಾಕಿಕೊಳ್ಳಲಿ, ನಮಗೆ ಹೆಮ್ಮೆ, ನಮ್ಮ ವಾದ್ಯವನ್ನು ಇಷ್ಟು ದೂರದವರು ಕಲಿತಿದ್ದಾರಲ್ಲ ಎಂದು. ಕೆಲವರು ಹಾಗಲ್ಲ. ಒಬ್ಬ, ಇದು ವೇಷ ಕಟ್ಟುವ ಬಟ್ಟೆಯಲ್ಲ ಎಂದಿದ್ದಾನೆ. ಅಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಚೌಕಳಿಯಂತೆ. ಇನ್ನೊಬ್ಬ, ಆ ಕೆಂಪು ಹಸಿರು ಚೌಕಳಿ ಯಾವ ಮನೆತನದ್ದು, ಯಾರನ್ನು ಕೇಳಿ ಹಾಕಿದರು ಎಂದಿದ್ದಾನೆ. ಅವನು ಇರುವುದು ಕೆನಡಾದಲ್ಲಂತೆ, ಎಲ್ಲರಿಗಿಂತ ಅವನಿಗೇ ಸಿಟ್ಟು ಜಾಸ್ತಿ. ಮತ್ತೊಬ್ಬ ಒಂದೇ ಮಾತು ಬರೆದಿದ್ದಾನೆ, ನಿಮ್ಮ ದೇಶಕ್ಕೆ ಹೋಗಿ ಅಂತ. ಒಳ್ಳೆಯ ಮಾತು ಎಷ್ಟೇ ಇದ್ದರೂ ರಾತ್ರಿ ತಲೆಯಲ್ಲಿ ಉಳಿಯುವುದು ಆ ಒಂದೇ. ಆ ಚೌಕಳಿ ಯಾರ ಮನೆತನದ್ದೂ ಅಲ್ಲ ಎಂದು ಅಲ್ಲಿ ಯಾರಾದರೂ ಕೇಳಿದರೆ ಹೇಳಿ. ಚಿಕ್ಕಪೇಟೆಯ ಸ್ಕೂಲ್ ಯೂನಿಫಾರಂ ಅಂಗಡಿಯಿಂದ ತಂದ ಬಟ್ಟೆ ಅದು. ಹೇಳಿದರೆ ಇನ್ನೂ ಸಿಟ್ಟಾಗುತ್ತಾರೋ ಏನೋ, ಅದೂ ತಿಳಿಯುತ್ತಿಲ್ಲ. ಮದುವೆಗಳಲ್ಲಿ ಮಾಡುವ ಹಾಗೆ ಪ್ಯಾಂಟಿನ ಮೇಲೆ ಚೌಕಳಿ ಪಟ್ಟಿ ಹಾಕಿಕೊಂಡೇ ನೀವು ಹೋಗಿದ್ದರೆ ಆಗುತ್ತಿತ್ತು. ಅವರ ಊರಿಗೆ ಹೋಗುವಾಗ ಅವರದೇ ಉಡುಪು ತೊಟ್ಟರೆ ಮರ್ಯಾದೆ ಎಂದದ್ದು ಗುಲಾಮ್ ರಸೂಲ್ ಅವರು, ಒಪ್ಪಿದ್ದು ನೀವು, ಫೋಟೋ ನೋಡಿ ಹೊಲಿದದ್ದು ನಾನು.

ನಿಮ್ಮ ಅಣ್ಣ ಮುನಿಗಂಗಪ್ಪನವರ ವಿಷಯವನ್ನೂ ಹೇಳಬೇಕು. ನೀವು ಹೊರಟ ದಿನ ಬೀದಿಯಲ್ಲಿ ನಿಂತು, "ನಮ್ ಮುನಿರಾಜು ಲಂಗ ಹಾಕ್ಕೊಂಡು ಫಾರಿನ್‌ಗೆ ಹೊಂಟವ್ನೆ ಕಣ್ರಪ್ಪಾ, ಬಳೆ ತೊಡಿಸೋರು ಯಾರಾದ್ರೂ ಇದ್ದೀರಾ?" ಎಂದು ನಗಿಸಿದವರು ಅವರೇ. ಈಗ ಅವರೇ ಬುಸುಗುಡುತ್ತಿದ್ದಾರೆ. "ನಮ್ಮ ವಂಶದ ಗಂಡಸಿನ ಬಟ್ಟೆಗೆ ಕೈ ಹಾಕವ್ನೆ, ಬಿಡ್ತೀನಾ? ನಾಳೆ ಬೆಳಗ್ಗೆ ಟಿವಿಯೋರನ್ನ ಮನೆ ಬಾಗಿಲಿಗೆ ಕರೆಸ್ತೀನಿ" ಎನ್ನುತ್ತಾರೆ. ಟಿವಿಯಲ್ಲಿ ಬಂದರೆ ಅಲ್ಲಿಯವರೂ ನೋಡುತ್ತಾರೆ. ಒಬ್ಬ ಮುದುಕನ ಜಾಗದಲ್ಲಿ, ನೀವು ನುಡಿಸಲು ಹೋಗಿರುವ ಶನಿವಾರದ ಮೆರವಣಿಗೆಗೆ ಒಂದು ಗುಂಪೇ ಬಂದು ನಿಂತರೆ? ನಿಮ್ಮ ಕೈಯಲ್ಲಿರುವುದು ಊದುವ ಚೀಲ. ಬೇಡ ಭಾವ ಎಂದು ಎರಡು ಸಲ ಕೇಳಿಕೊಂಡೆ, ಒಪ್ಪಿಲ್ಲ.

ಅತ್ತೆ ಒಬ್ಬರೇ ಹೆದರದಿರುವುದು. ರಂಜನಿಯ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, "ಆವಯ್ಯನ ಕೈ ನೋಡೇ, ಒಡೆಯೋ ಕೈ ಅಲ್ಲ ಅದು" ಎಂದರು. ನನಗೆ ಸಿಟ್ಟೇ ಬಂತು. ಅತ್ತೆಗೆ ಎಲ್ಲರ ಕೈಯೂ ತಮ್ಮ ಕೈಯಂತೆಯೇ ಕಾಣುತ್ತದೆ. ನೆನಪಿದೆಯಾ, ಹೋದ ವರ್ಷ ನೀವು ನುಡಿಸಿದ ಚಿಕ್ಕಬಾಣಾವರದ ಮದುವೆಗೆ ಫ್ರಾನ್ಸಿನ ಹೆಂಗಸೊಬ್ಬಳು ಸೀರೆ ಉಟ್ಟು ಬಂದಿದ್ದಳು. ನೆರಿಗೆಯೆಲ್ಲ ಜಾರುತ್ತಿತ್ತು. ಅತ್ತೆ ಎಲೆ ಬಿಟ್ಟು ಎದ್ದುಹೋಗಿ, ಒಂದು ಮಾತೂ ಕೇಳದೆ ಅವಳ ಸೊಂಟಕ್ಕೆ ಕೈ ಹಾಕಿದರು. ಅವಳು ಕಿರುಚಿದ್ದು ಕೇಳಿ ನೀವು ವಾದ್ಯ ನಿಲ್ಲಿಸಿದಿರಿ. ಆಮೇಲೆ ನೆರಿಗೆ ಹಿಡಿಸಿಕೊಂಡು ಅವಳೇ ನಕ್ಕಳು, ಊಟಕ್ಕೆ ಅತ್ತೆಯ ಪಕ್ಕದಲ್ಲೇ ಕೂತಳು. ನೀನ್ಯಾಕೆ ಸೀರೆ ಉಟ್ಟೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಆದರೆ ಅದು ನಮ್ಮೂರು, ಅವಳನ್ನು ನೋಡಿ ಯಾರಿಗೂ ಹೊಟ್ಟೆಯಲ್ಲಿ ಕಿಚ್ಚಿರಲಿಲ್ಲ. ಅಲ್ಲಿಯೂ ಹಾಗೆಯೇ ಎಂದು ನನಗೆ ಯಾರು ಬರೆದುಕೊಡುತ್ತಾರೆ?

ನನ್ನದು ಒಂದೇ ಮಾತು. ಆ ಮುದುಕ ಏನು ಮಾಡಿದ, ನಿಮಗೆ ಏಟು ಬಿತ್ತೋ ಇಲ್ಲವೋ, ಇದ್ದದ್ದನ್ನು ಇದ್ದ ಹಾಗೆ ಹಬೀಬುಲ್ಲಾ ಅವರ ಫೋನಿನಿಂದ, ಕೋಣೆಯ ಹೊರಗೆ ನಿಂತು ಹೇಳಿ. ಆಗಿದ್ದು ಕೆಟ್ಟದ್ದಾದರೆ ಶನಿವಾರ ಕಿಲ್ಟ್ ಬೇಡ, ಮೆರವಣಿಗೆಯೂ ಬೇಡ, ಹೊರಟು ಬನ್ನಿ. ಮನೆದೇವರು ಅಲ್ಲಿಯವರೆಗೂ ಕೈ ಚಾಚಿ ನಿಮ್ಮನ್ನು ಕಾಯಲಿ. ಅತ್ತೆಯ ಆಶೀರ್ವಾದ, ರಂಜನಿಯ ಮುತ್ತು. ಗುಲಾಮ್ ರಸೂಲ್ ಅವರಿಗೂ ಉಳಿದವರಿಗೂ ನಾನು ಕೇಳಿದೆನೆಂದು ಹೇಳಿ.

ನಿಮ್ಮ,
ಜ್ಯೋತಿಲಕ್ಷ್ಮಿ

ಮತ್ತೆ ಬರೆದದ್ದು: ಹಬೀಬುಲ್ಲಾ ಆರ್.ಟಿ. ನಗರದಿಂದ ಆಟೋದಲ್ಲಿ ಬಂದು ಕೂತಿದ್ದಾರೆ, ಆಟೋ ಕಾಯುತ್ತಿದೆ, ಬೇಗ ಬರೆಯುತ್ತೇನೆ. ವೀಸಾಕ್ಕೆ ಅಲೆಯುತ್ತಿದ್ದವರು ಅಳತೆ ನೋಡಲು ಬಂದಿರಲಿಲ್ಲವಲ್ಲ, ಅವರ ಕಿಲ್ಟ್ ಇಲ್ಲೇ ಉಳಿದಿತ್ತು. ಕೊಟ್ಟೆ. ಪ್ಯಾಂಟಿನ ಮೇಲೆಯೇ ಸುತ್ತಿಕೊಂಡರು, ನೆರಿಗೆ ಹಿಂದಕ್ಕೆ ಹಾಕಿಕೊಂಡು. ಹಾಗಲ್ಲ ಭಾಯಿ, ತಿರುಗಿಸಿ, ನೆರಿಗೆ ಮುಂದೆ ಬರಬೇಕು ಎಂದೆ. ಅವರು ನನ್ನನ್ನೇ ನೋಡಿದರು. "ಇಲ್ಲಾ ಬೆಹನ್‌ಜೀ, ಇದರ ನೆರಿಗೆ ಹಿಂದೇನೇ. ಮುಂದೆ ಸಪಾಟು. ಮಿಲಿಟರಿ ಬ್ಯಾಂಡಲ್ಲಿ ನಮಗೆ ಹಾಕ್ಸಿದ್ರು" ಎಂದರು. ನಾನು ನೋಡಿ ಹೊಲಿದ ಫೋಟೋದಲ್ಲಿ ಬ್ಯಾಂಡಿನವರು ಬೆನ್ನು ಮಾಡಿ ನಡೆದು ಹೋಗುತ್ತಿದ್ದರು. ನೆರಿಗೆ ಕಂಡೆ. ನಮ್ಮ ಪಂಚೆಗೆ, ಸೀರೆಗೆ ಇರುವ ಹಾಗೆ ಅದು ಮುಂದಿನದೇ ಎಂದುಕೊಂಡೆ. ನಿಮಗೆಲ್ಲ ಹಾಗೆಯೇ ತೊಡಿಸಿ ಕಳಿಸಿದೆ. ವಿಡಿಯೋ ಅವರಿಗೂ ತೋರಿಸಿದೆ. ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು. ಮುದುಕ ಎಳೆದದ್ದಲ್ಲ, ತಿರುಗಿಸಲು ಬಂದದ್ದು ಎಂಬುದು ಅವರ ಅಭಿಪ್ರಾಯ. ಅತ್ತೆ "ನಾನು ಯೋಳ್ಲಿಲ್ವಾ?" ಎಂದರು. ಇದು ನಿಮಗೆ ಆಗಲೇ ಗೊತ್ತಿದ್ದು, ಎಲ್ಲರ ಮುಂದೆ ನನ್ನ ಹೊಲಿಗೆಯ ಮಾತು ಬೇಡವೆಂದು ಮಳೆ ವಿಷಯ ತೆಗೆದಿರೋ, ಅಥವಾ ನೀವು ಹಿಂದೆ ಸರಿದು ಅವನು ಸುಮ್ಮನೆ ಹೋದನೋ, ನನಗೆ ತಿಳಿಯದು. ಭಯ ಪೂರ್ತಿ ಹೋಗಿಲ್ಲ. ಅವನೊಬ್ಬ ತಿದ್ದಲು ಬಂದ, ನಿಮ್ಮ ದೇಶಕ್ಕೆ ಹೋಗಿ ಎಂದು ಬರೆದವನು ಬೇರೆ, ಅವನೂ ಅಲ್ಲೇ ಎಲ್ಲೋ ಇದ್ದಾನೆ. ಕಿಲ್ಟನ್ನು ಬಿಚ್ಚಿ ಹೊಲಿಯಬೇಕಾಗಿಲ್ಲ, ಸುಮ್ಮನೆ ಹಿಂದು ಮುಂದು ತಿರುಗಿಸಿ. ಕೊಕ್ಕೆ ಮುಂದೆ ಬರುತ್ತದೆ, ಅದರ ಮೇಲೆ ಬೆಲ್ಟು ಕಟ್ಟಿ. ಎಲ್ಲರಿಗೂ ಹಾಗೇ ಮಾಡಿಸಿ. ಭಾವನಿಗೂ ಹೇಳಿದೆ, ಟಿವಿಯವರು ಬರುವುದಿಲ್ಲ. ಹಬೀಬುಲ್ಲಾ ನಾಳೆ ಬೆಳಗ್ಗೆ ವಿಮಾನ ಹತ್ತಿ ಗುರುವಾರ ನಿಮ್ಮನ್ನು ಸೇರುತ್ತಾರೆ. ಮೆರವಣಿಗೆ ಶನಿವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆಗೆ.