ಬೈದದ್ದರ ಜೇಬು

ವಿನೋಬನಗರ, ದಾವಣಗೆರೆ
14 ನವೆಂಬರ್ 2024, ಗುರುವಾರ

ಪ್ರೀತಿಯ ಭಯ್ಯಾ,

ಅಸ್ಸಲಾಮು ಅಲೈಕುಂ. ಹೇಗಿದ್ದೀಯ? ಕೊಯಮತ್ತೂರಿನ ನೀರು ಒಗ್ಗಿತೇ? ಮಷೀನಿನ ಸೂಜಿ ಚುಚ್ಚಿದ ಬೆರಳು ವಾಸಿಯಾಯಿತೇ? ಫೋನಿನಲ್ಲಿ ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತೀಯ. ಅದಕ್ಕೇ ಅಮ್ಮಿ ನಂಬುವುದಿಲ್ಲ. ಅಮ್ಮಿಯ ಮಂಡಿನೋವು ಚಳಿಗೆ ಸ್ವಲ್ಪ ಹೆಚ್ಚಿದೆ. ಅಬ್ಬಾ ಆರಾಮಾಗಿದ್ದಾರೆ. ರಜಾಯಿ ಹೊಲಿಯುವ ಕಾಲ, ಅವರಿಗೆ ಬೈಯಲೂ ಪುರುಸೊತ್ತಿಲ್ಲ. ನೀನು ಗಾದಿ ಹೊಲಿಯುವ ಆ ಹೊಸ ಮಷೀನು ಕಲಿತು ಬರಲು ಇನ್ನು ಆರು ವಾರವಂತೆ. ಅಂಗಡಿಯ ಕೆಲಸದ ಮೈಲಪ್ಪ ಮಾತ್ರ ದಿನಾ ಕೇಳುತ್ತಾನೆ, "ಮಷೀನ್ ಬಂದ ಮ್ಯಾಲೆ ನನ್ನ ದಬ್ಬಣ ಎಲ್ಲಿಡಾಣ?" ಎಂದು. ನೀನು ಬಂದವನೇ ಅವನಿಗೊಂದು ಸಮಾಧಾನ ಹೇಳಬೇಕು.

ಈ ಕಾಲದಲ್ಲಿ ಕಾಗದ ಯಾಕೆ ಅನ್ನಬೇಡ. ನನ್ನ ಫೋನು ಈಗ ನನ್ನದಲ್ಲ, ಅಂಗಡಿಯದು. ಗಲ್ಲಾದ ಮೇಲೆ ಕೂತಿರುತ್ತದೆ, ಬಂದವರೆಲ್ಲ ಎತ್ತಿಕೊಳ್ಳುತ್ತಾರೆ, ಎಲ್ಲರಿಗಿಂತ ಹೆಚ್ಚಾಗಿ ಯಾಸ್ಮೀನ್ ಭಾಬಿ. ನಾನು ಹೇಳಬೇಕಾದದ್ದು ನಿನ್ನ ಹೆಂಡತಿಯ ವಿಷಯ. ಪೂರ್ತಿ ಓದುವವರೆಗೆ ನನ್ನ ಮೇಲೆ ಸಿಟ್ಟಾಗಬೇಡ.

ನೀನು ಹೊರಡುವಾಗ ಅಂಗಡಿಯ ಇನ್‌ಸ್ಟಾಗ್ರಾಂ ಪುಟವನ್ನು ನನ್ನ ಕೈಗಿಟ್ಟು, "ಮನ್ಯಾಗ ಸಾಹಿತಿ ಇರೋವಾಗ ಏನ್ ಚಿಂತಿ" ಅಂದಿದ್ದೆ ನೆನಪಿದೆಯಾ? ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ! ಎಂ.ಎ. ಮುಗಿದು ಎರಡು ವರ್ಷವಾದರೂ ಯಾರೂ ನನ್ನಿಂದ ಏನನ್ನೂ ಬರೆಸಿರಲಿಲ್ಲ. ಒಂದು ಗಾದಿಯ ಫೋಟೋಗೆ ಎರಡು ದಿನ ಯೋಚಿಸಿ, "ಹೊಲದಿಂದ ಹೊರಟ ಬಿಳಿಮೋಡವೊಂದು ನಿಮ್ಮ ನಿದ್ದೆಯೊಳಗೆ ಇಳಿಯುತ್ತದೆ" ಎಂದು ಬರೆದೆ. ಹನ್ನೊಂದು ಜನ ಮೆಚ್ಚಿದರು. ಅದರಲ್ಲಿ ಒಬ್ಬಳು ಅಮ್ಮಿಯ ಹೆಸರಿನಲ್ಲಿ ನಾನೇ. ಮೈಲಪ್ಪ ಅಕ್ಷರ ಕೂಡಿಸಿ ಓದಿ, "ಮಳಿ ಬರ್ತದಂತೇನವ್ವಾ?" ಎಂದು ಕೇಳಿದ. ಮುಂದಿನ ಫೋಟೋಗೆ ಮಾತು ಹೊಳೆಯಲು ಹತ್ತು ದಿನ ಹಿಡಿಯಿತು.

ಭಾಬಿ ಒಂದು ಮಧ್ಯಾಹ್ನ ಹೊಲಿಗೆ ಮಷೀನಿನ ಮುಂದೆ ಕೂತು, ಉಳಿದ ನೀಲಿಪಟ್ಟೆಯ ಗಾದಿಬಟ್ಟೆಯಲ್ಲಿ ಗೋಡೆಗೆ ತೂಗುಹಾಕುವ ಪರದೆಯೊಂದನ್ನು ಹೊಲಿದರು. ಅದಕ್ಕೆ ಆರು ಜೇಬು, ಒಂದೊಂದರ ಮೇಲೂ ಕೆಂಪು ದಾರದಲ್ಲಿ ಹೆಸರು: ಕೇಳಿದ್ದು, ಬೈದದ್ದು, ನಗಿಸಿದ್ದು, ಕೈಕೆಲಸ, ಹಳೇದು, ಹೊಸದು. ಗಿರಾಕಿ ಏನು ಕೇಳಿದರೂ, ಬೈದರೂ, ಕೆಲಸದಲ್ಲಿ ಏನು ಕಣ್ಣಿಗೆ ಬಿದ್ದರೂ, ಅಲ್ಲೇ ಹಳೆಯ ಕ್ಯಾಲೆಂಡರಿನ ಚೀಟಿಯ ಮೇಲೆ ಬರೆದು ಸೇರಬೇಕಾದ ಜೇಬಿಗೆ ಹಾಕಬೇಕು. ಭಾನುವಾರ ಬೆಳಿಗ್ಗೆ ಎಲ್ಲರ ಮುಂದೆ ಜೇಬಿಗೊಂದು ಚೀಟಿ ತೆಗೆಯುವುದು. ಆರು ಚೀಟಿ, ಆರು ವಿಡಿಯೋ. ಮಧ್ಯಾಹ್ನದ ಊಟದೊಳಗೆ ಆರನ್ನೂ ಒಟ್ಟಿಗೆ ತೆಗೆದು, ದಿನಕ್ಕೊಂದು ತಾನಾಗಿ ಹೋಗುವಂತೆ ಇಟ್ಟುಬಿಡುವುದು. ಸೋಮವಾರದಿಂದ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವಂತಿಲ್ಲ. ಅಷ್ಟೇ. ಇಷ್ಟು ಸರಳವಾದದ್ದು ಪಿಯುಸಿ ಅರ್ಧಕ್ಕೆ ಬಿಟ್ಟವರಿಗೆ ಹೊಳೆಯಿತು, ನನಗೆ ಯಾಕೆ ಹೊಳೆಯಲಿಲ್ಲ ಎಂದು ಕೊರಗಿದೆ.

ಮೊದಲ ವಾರದ ವಿಡಿಯೋದಲ್ಲಿ ಬರೀ ಅಬ್ಬಾನ ಕೈ, ಹತ್ತಿ, ಭಾಬಿಯ ದನಿ: "ಗಾದಿ ಗಂಟು ಕಟ್ಟೈತಾ? ಒಗೀಬ್ಯಾಡ್ರಿ. ತರ್ರಿ, ಹಿಂಜಿ ಕೊಡ್ತೀವಿ." ನಲವತ್ತು ಸಾವಿರ ಜನ ನೋಡಿದರು. ಕುಕ್ಕುವಾಡದಿಂದ ಟ್ರ್ಯಾಕ್ಟರಿನಲ್ಲಿ ಎಂಟು ಹಳೇ ಗಾದಿ ಹೇರಿಕೊಂಡು ಬಂದವರು ನನ್ನೆದುರೇ ನಿಂತು, "ವಿಡಿಯೋದಾಗ ಮಾತಾಡೋ ಅಕ್ಕ ಎಲ್ಲದಾರ?" ಎಂದು ಕೇಳಿದರು. "ಒಳಗಿದ್ದಾರೆ" ಅಂದೆ. ಅವತ್ತಿನಿಂದ ಎಷ್ಟು ಸಲ ಹಾಗೆ ಅಂದಿದ್ದೇನೋ! ಅಬ್ಬಾ ಚಹಾ ತರಿಸಿದರೆ ಮೊದಲ ಲೋಟ ಯಾರ ಕಡೆ ಹೋಗುತ್ತದೆ ಎಂದು ನೋಡತೊಡಗಿದೆ. ಭಾಬಿ ನಕ್ಕರೆ ಅಮ್ಮಿಯೂ ನಗುವುದನ್ನು, ನಾನು ನಕ್ಕರೆ "ಏನಾಯ್ತೇ?" ಎಂದು ಕೇಳುವುದನ್ನು ಗಮನಿಸತೊಡಗಿದೆ. ಹೊಟ್ಟೆಕಿಚ್ಚು ಎಂಬ ಮಾತನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದು ನಿಜಕ್ಕೂ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ನಾನೊಂದು ಕೆಟ್ಟ ಕೆಲಸ ಮಾಡಿದೆ. ನನ್ನ ಕಾಲೇಜಿನ ನೋಟ್‌ಬುಕ್ಕಿನ ಹಾಳೆ ಹರಿದು, ಗುರುತು ಸಿಗಬಾರದೆಂದು ಎಡಗೈಯಲ್ಲಿ, ಅಬ್ಬಾನ ಹೆಸರನ್ನೂ ಎಳೆದುತಂದು, "ಹೊಸ ಸೊಸಿ ಬಂದ ಮ್ಯಾಲೆ ಗೌಸ್ ಪೀರ್ ಅಂಗಡಿ ನಾಟಕ ಕಂಪನಿ ಆಗೈತೆ. ಗಾದಿ ಕಮ್ಮಿ, ಗದ್ದಲ ಜಾಸ್ತಿ" ಎಂದು ಬರೆದು 'ಬೈದದ್ದು' ಜೇಬಿಗೆ ಹಾಕಿದೆ. ಭಾಬಿ ಅಳುತ್ತಾರೆ, ಪರದೆ ಮಡಚಿ ಇಡುತ್ತಾರೆ ಅಂದುಕೊಂಡಿದ್ದೆ. ಭಾನುವಾರ ಅವರು ಅದನ್ನು ಗಟ್ಟಿಯಾಗಿ ಓದಿದರು. ಅಬ್ಬಾನ ಮುಖ ಸಣ್ಣದಾಯಿತು. ಭಾಬಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನೇ ಮೊದ್ಲು ಮಾಡಾಣ" ಅಂದರು. ವಿಡಿಯೋದಲ್ಲಿ ಚೀಟಿಯನ್ನು ಇದ್ದಂತೆಯೇ ಓದಿ, "ಗದ್ದಲ ಆಗಿರೋದು ಖರೇ. ಗಾದಿ ಕಮ್ಮಿ ಆಗೈತೇನು, ಬಂದು ಮಲಗಿ ನೋಡ್ರಿ" ಅಂದರು. ಹಿಂದೆ ಮೈಲಪ್ಪ ಹೊಸ ಗಾದಿಯ ಮೇಲೆ ಕೈಕಾಲು ಚಾಚಿ ಗೊರಕೆ ಹೊಡೆದ. ಎರಡು ಲಕ್ಷ ಜನ ನೋಡಿದರು, ಭಯ್ಯಾ! ಆಟೋದವರ ಬಾಯಲ್ಲೂ ಅದೇ, "ಗಾದಿ ಕಮ್ಮಿ, ಗದ್ದಲ ಜಾಸ್ತಿ". ನಾನು ಬರೆದ ಒಂದು ಸಾಲು ಕೊನೆಗೂ ಊರಿನ ಬಾಯಿಗೆ ಬಂತು, ನನ್ನದು ಎಂದು ಹೇಳಿಕೊಳ್ಳುವ ಹಾಗಿಲ್ಲ.

ಅದನ್ನು ನೋಡಿಯೇ ಹರಿಹರದ ಚೌಡೇಶ್ ಎಂಬವರು ಫೋನ್ ಮಾಡಿದರು. ಸೈಕಲ್ ಅಂಗಡಿಯವರು. ಅಲ್ಲಿನ ಹನ್ನೆರಡು ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಂತೆ. ಪುಟದಲ್ಲಿ ಇರುವುದು ನನ್ನ ಹೆಸರು, ಕೇಳಿದ್ದೂ ನನ್ನನ್ನೇ. ಅಬ್ಬಾ, "ನೀ ಓದಿದಾಕಿ, ನೀನೇ ಹೋಗು. ಸೊಸಿ ತವರೂರ ಬಜಾರದಾಗ ನಿಂತು ಭಾಷಣ ಮಾಡೋದು ಬ್ಯಾಡ" ಅಂದರು. ಭಾಬಿ ಪರದೆಯನ್ನು ಮಡಚಿ ನನ್ನ ಚೀಲಕ್ಕಿಟ್ಟರು. ನಾನು ಚೀಲದ ಬಾಯಿ ಕಟ್ಟಿದೆ. ನಾನು ನಾಚಿಕೆಯವಳು, ಮಾತಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಲ್ಲ. ಅವತ್ತು ಆ ನಾಚಿಕೆ ಉಪಯೋಗಕ್ಕೆ ಬಂತು.

ಮೊನ್ನೆ ಮಂಗಳವಾರ ಬಸ್ಸಿನಲ್ಲಿ ಹೋದೆ. ಚೌಡೇಶ್ ಅವರ ಅಂಗಡಿಯ ಮೊಳೆಗೆ ಪರದೆ ತೂಗುಹಾಕಿ, ಒಂದೊಂದೇ ಜೇಬು ತೋರಿಸುತ್ತ ಎಲ್ಲ ಹೇಳಿದೆ. "ಎಂಥ ತಲಿ ಐತವ್ವಾ ನಿಂದು" ಅಂದರು ಸೇರಿದ್ದ ಅಂಗಡಿಯವರು. ತಲೆ ನನ್ನದಲ್ಲ ಎಂದು ಹೇಳಲು ಅದೇ ಸರಿಯಾದ ಹೊತ್ತು. ನಾನು ನೀರು ಕುಡಿದೆ. ರೊಟ್ಟಿ, ಚಟ್ನಿಪುಡಿ ಮಾರುವ ಉಡಚಮ್ಮ ಎಂಬವರು ಎದ್ದು, "ಎಲ್ಲ ಸರಿ, ಬೈದದ್ದಕ್ಕೂ ಜೇಬು ಯಾಕವ್ವಾ? ಬೈಗುಳ ಯಾರಾದ್ರೂ ಕೂಡಿಸಿ ಇಟ್ಕಂತಾರ?" ಎಂದು ಕೇಳಿದರು. ಆ ಜೇಬನ್ನು ತುಂಬುವುದಷ್ಟೇ ನನಗೆ ಬರುತ್ತಿತ್ತು. "ಅದು... ಲೆಕ್ಕ ಸಮ ಆಗಲಿ ಅಂತ" ಅಂದೆ. ಉಡಚಮ್ಮ ಹುಬ್ಬು ಏರಿಸಿ ಕೂತರು. ಆದರೂ ಚೌಡೇಶ್, ಮುಂದಿನ ವಾರದಿಂದ ಮಂಗಳವಾರ, ಗುರುವಾರ ಬಂದು ಹನ್ನೆರಡು ಅಂಗಡಿಗೂ ಇದನ್ನು ಮಾಡಿಕೊಡಲು ಆಗುತ್ತದಾ, ಸಂಬಳ ಕೊಡುತ್ತೇವೆ ಎಂದು ಕೇಳಿದರು. ನನ್ನ ಬದುಕಿನ ಮೊದಲ ಕೆಲಸ. ಹೂಂ ಅಂದುಬಿಟ್ಟೆ.

ಮನೆಗೆ ಬಂದಾಗ ಭಾಬಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸುಮ್ಮನೆ ಕೇಳಿದವಳಂತೆ ಉಡಚಮ್ಮನ ಪ್ರಶ್ನೆಯನ್ನು ಅವರ ಮುಂದಿಟ್ಟೆ. "ಹೊಗಳಾವ್ರು ಅರ್ಧ ನೋಡಿ ಹೋಗ್ತಾರ. ಬೈಯಾವ್ರು ಪೂರ್ತಿ ನೋಡಿರ್ತಾರ ರುಮಾನಾ, ಅವ್ರ ಮಾತು ಬಿಟ್ರ ಹೆಂಗೆ?" ಅಂದರು. ಆಮೇಲೆ ತಲೆ ಎತ್ತದೆಯೇ, "ಈ ವಾರ ಆ ಜೇಬು ಖಾಲಿ ಐತೆ. ನಿಂಗ ಚೆಂದ ಬರ್ತೈತೆ, ಇನ್ನೊಂದು ಬರಿ. ಕ್ಯಾಲೆಂಡರ್ ಹಾಳಿ ತಗೋ, ಪಾಪ ನಿನ್ನ ನೋಟ್ಸ್ ಹರೀಬ್ಯಾಡ" ಅಂದರು.

ಒಂದು ತಿಂಗಳಿಂದ ಅವರಿಗೆ ಗೊತ್ತಿತ್ತು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನಿನಗಾದರೂ ಹೇಳಿದ್ದರೇ? ಇಲ್ಲವೆಂದೇ ನನ್ನ ಅನಿಸಿಕೆ. ನಿಜ ಹೇಳಲಾ? ಅಷ್ಟು ದಿನ ಸುಮ್ಮನಿರಲು ಅವರಿಗೆ ಸಾಧ್ಯವಾಯಿತಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಊಟ ಬಿಡಬೇಡ. ಅಮ್ಮಿ, ಅಬ್ಬಾ ದುವಾ ಕಳಿಸಿದ್ದಾರೆ, ಮೈಲಪ್ಪ ಮತ್ತು ಅವನ ದಬ್ಬಣ ನಮಸ್ಕಾರ ಹೇಳಿದ್ದಾರೆ. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ರುಮಾನಾ

ಮ.ಬ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಈಗ ತಾನೇ ಚೌಡೇಶ್ ಅವರಿಗೆ ಫೋನ್ ಮಾಡಿ, ಆ ಪರದೆಯೂ ಉಪಾಯವೂ ನಮ್ಮ ಭಾಬಿಯವು ಎಂದು ಹೇಳಿದೆ. "ಹಂಗಾರೆ ಅವ್ರನ್ನೇ ಕಳಿಸ್ರಿ" ಅಂದರು. ನೀವೂ ಬನ್ನಿ ಅನ್ನುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದೆ, ಅನ್ನಲಿಲ್ಲ. ಇನ್ನು ಉಳಿದದ್ದು ಅಬ್ಬಾ. ಅವರು ನನ್ನ ಮಾತು ಕೇಳುವುದಿಲ್ಲ, ನಿನ್ನದು ಕೇಳುತ್ತಾರೆ. ಖಾಲಿ ಜೇಬಿಗೆ ಒಂದು ಚೀಟಿ ಹಾಕಿದ್ದೇನೆ, ಕ್ಯಾಲೆಂಡರ್ ಹಾಳೆ, ಬಲಗೈ ಅಕ್ಷರ, ಕೆಳಗೆ ನನ್ನ ಹೆಸರು: "ಈ ಅಂಗಡ್ಯಾಗ ತಲಿ ಸೊಸೀದು, ಚಪ್ಪಾಳಿ ಮಗಳದು." ಭಾನುವಾರ ಬೆಳಿಗ್ಗೆ ಅಬ್ಬಾನ ಮುಂದೆ ಅದು ಹೊರಗೆ ಬರುತ್ತದೆ. ಕಾಗದ ಶನಿವಾರ ನಿನಗೆ ಸಿಗಬೇಕು. ಸಿಕ್ಕ ಕೂಡಲೇ ಅಬ್ಬಾಗೆ ಫೋನ್ ಮಾಡಿ, ಭಾಬಿಯನ್ನು ಹರಿಹರಕ್ಕೆ ಕಳಿಸಲು ಹೇಳು.